ಕಳುವಾಯಿತೋ, ಕಳೆದುಹೋಯಿತೋ

ಹಾಸನದಿಂದ ಅಣ್ಣ ಫೋನ್ ಮಾಡಿದ್ದ. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಸೇರಬೇಕು. ‘ಬಾಡಿಗೆ ಒಂದು ಸಾವಿರ ಹೆಚ್ಚಾದ್ರೂ ಪರವಾಗಿಲ್ಲ ಕಣೋ, ಏರಿಯಾ ಸೇಫ್ ಇರ್ಬೇಕು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದೀಯಲ್ಲ, ಯಾವುದು ಅಂತ ಹೇಳು’ ಎಂದ. ಇಪ್ಪತ್ತು ವರ್ಷ ಇದ್ದವನ ಬಾಯಿಗೆ ಒಂದು ಹೆಸರೂ ಥಟ್ಟನೆ ಬರಲಿಲ್ಲ. ಅಷ್ಟರಲ್ಲಿ ಹುಡುಗಿಯೇ ಒಂದು ಪಟ್ಟಿ ಮಾಡಿ ವಾಟ್ಸ್‌ಆ್ಯಪ್‌ಗೆ ಕಳಿಸಿದ್ದಳು. ಪೊಲೀಸರ ಜಾಲತಾಣದಲ್ಲಿ ಠಾಣೆವಾರು ಎಫ್‌ಐಆರ್ ಎಣಿಸಿದ್ದಾಳೆ. ‘ಚಿಕ್ಕಪ್ಪಾ, ಈ ಠಾಣೇಲಿ ಕೇಸು ತುಂಬಾ ಕಡಿಮೆ, ಇಲ್ಲೇ ನೋಡೋಣವಾ?’

ಅವಳ ಶ್ರದ್ಧೆ ಕಂಡು ಸಂತೋಷವಾಯಿತು, ಜೊತೆಗೆ ಆತಂಕವೂ ಆಯಿತು. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಆದರೆ ಲೈಂಗಿಕ ಅಪರಾಧ, ಪೋಕ್ಸೊದಂತಹ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಕೊಟ್ಟಿತು. ನೊಂದವರ ಗುರುತು ಬಯಲಾಗಬಾರದು ಎನ್ನುವ ಆ ವಿನಾಯಿತಿ ನೂರಕ್ಕೆ ನೂರು ಸರಿ. ಆದರೆ ಅಲ್ಲಿ ಕೂತು ಎಣಿಸುವ ಹುಡುಗಿಗೆ, ತಾನು ಯಾವುದಕ್ಕೆ ಹೆದರುತ್ತಾಳೋ ಅದೇ ಕಾಣುವುದಿಲ್ಲ. ಅವಳ ಪಟ್ಟಿಯಲ್ಲಿ ಬೈಕ್ ಕಳವು ಇತ್ತು, ಜೂಜು ಇತ್ತು, ಅಪಘಾತ ಇತ್ತು.

ದೊಡ್ಡ ಲೆಕ್ಕದ ಕಥೆಯೂ ಹೆಚ್ಚು ಬೇರೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತಿ ಲಕ್ಷ ಜನರಿಗೆ ಎಷ್ಟು ಅಪರಾಧ ಎಂದು ಮಹಾನಗರಗಳ ದರ ಕೊಡುತ್ತದೆ. ಬೆಂಗಳೂರಿನ ದರಕ್ಕೆ ಅದು ಇಟ್ಟುಕೊಳ್ಳುವ ಜನಸಂಖ್ಯೆ 2011ರ ಜನಗಣತಿಯದು, ಸುಮಾರು 85 ಲಕ್ಷ. ಆಮೇಲೆ ಬಂದು ನೆಲೆಸಿದವರು ಆ ಲೆಕ್ಕದಲ್ಲಿಲ್ಲ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಎಲ್ಲಕ್ಕಿಂತ ಘೋರವಾದುದನ್ನು ಮಾತ್ರ ಎಣಿಸುತ್ತಾರೆ. ಮನೆಗೆ ನುಗ್ಗಿ, ದೋಚಿ, ಕೊಂದಿದ್ದರೆ ಅದು ಕೊಲೆಯ ಕಾಲಂಗೆ ಸೇರುತ್ತದೆ, ದೋಚಿದ್ದು ಲೆಕ್ಕದಿಂದ ಹೊರಗುಳಿಯುತ್ತದೆ. ಅಪರಾಧ ಹೆಚ್ಚುವುದು ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದು ಬೇರೆ ಎಂದು ಬ್ಯೂರೊ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ. ಸುದ್ದಿ ಓದುವ ನಾವು ಆ ಪುಟದವರೆಗೆ ಹೋಗುವುದಿಲ್ಲ. ‘ಅತ್ಯಂತ ಸುರಕ್ಷಿತ ನಗರ’ ಎಂಬ ತಲೆಬರಹ ಓದಿ ನಿಲ್ಲಿಸುತ್ತೇವೆ. 2022ರ ವರದಿಯಂತೆ ಆ ಹೆಸರು ಸತತ ಮೂರನೇ ವರ್ಷ ಕೋಲ್ಕತ್ತಕ್ಕೆ ಸಂದಿತ್ತು. ಅದೇ ಊರಿನ ಸರ್ಕಾರಿ ಆಸ್ಪತ್ರೆಯ ಸೆಮಿನಾರ್ ಕೋಣೆಯಲ್ಲಿ, 2024ರ ಆಗಸ್ಟ್ 9ರಂದು, ರಾತ್ರಿಪಾಳಿಯಲ್ಲಿದ್ದ ಕಿರಿಯ ವೈದ್ಯೆಯ ಶವ ಸಿಕ್ಕಿತು. ಇಡೀ ಊರಿನ ಸರಾಸರಿ ಆ ಒಂದು ಕೋಣೆಯ ಬಗ್ಗೆ ಏನನ್ನೂ ಹೇಳಿರಲಿಲ್ಲ.

ಬಡಾವಣೆಗಳನ್ನು ಹೋಲಿಸಲು ಹೊರಟರೆ ತೊಡಕು ಇನ್ನೂ ಹೆಚ್ಚು. ಮೆಜೆಸ್ಟಿಕ್ ಉಪ್ಪಾರಪೇಟೆ ಠಾಣೆಯ ವ್ಯಾಪ್ತಿಗೆ ಬರುತ್ತದೆ. ಅಲ್ಲಿ ವಾಸ ಮಾಡುವವರು ಎಷ್ಟು, ದಿನಕ್ಕೆ ಬಸ್ಸು, ರೈಲು, ಮೆಟ್ರೊ ಇಳಿದು ಹತ್ತಿ ಹೋಗುವವರು ಎಷ್ಟು! ತುಮಕೂರಿನವರ ಜೇಬು ಕತ್ತರಿಸಿದರೂ ರಾಯಚೂರಿನವರ ಬ್ಯಾಗು ಹೋದರೂ ಕೇಸು ಬೀಳುವುದು ಅದೇ ಠಾಣೆಗೆ. ಅಲ್ಲಿನ ಮನೆಗಳ ಲೆಕ್ಕಕ್ಕೆ ಅದನ್ನು ಭಾಗಿಸಿದರೆ ಆ ಬೀದಿಗಳವರಿಗೆ ಸುಮ್ಮನೆ ಕೆಟ್ಟ ಹೆಸರು. ಹೆಸರು ಕೆಟ್ಟರೆ ಬಾಡಿಗೆದಾರರು ಬರುವುದಿಲ್ಲ, ಆಟೊದವರು ರಾತ್ರಿ ಬರಲ್ಲ ಅನ್ನುತ್ತಾರೆ, ಅಲ್ಲಿಯ ಹುಡುಗರು ವಿಳಾಸ ಹೇಳಲು ಹಿಂಜರಿಯುತ್ತಾರೆ. ಒಂದು ಪಟ್ಟಿ ಇಷ್ಟೆಲ್ಲ ಮಾಡಿಬಿಡುತ್ತದೆ ಎನ್ನುವುದು ನನ್ನನ್ನು ತುಂಬಾ ಕಾಡುತ್ತದೆ.

ಇನ್ನು ಬೀದಿಯೇ ಕಾಣದ ಅಪರಾಧ. 2022ರಲ್ಲಿ ದೇಶದಲ್ಲಿ ಮಹಿಳೆಯರ ವಿರುದ್ಧ ದಾಖಲಾದ 4.45 ಲಕ್ಷ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಗಂಡ ಅಥವಾ ಅವನ ಮನೆಯವರ ಕ್ರೌರ್ಯದ್ದು. ಅದೂ ದಾಖಲಾದದ್ದು ಮಾತ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹಿಂಸೆಗೆ ಒಳಗಾದ ಹೆಂಗಸರಲ್ಲಿ ಯಾರದಾದರೂ ನೆರವು ಕೇಳಿದವರು ಶೇ 14 ಮಾತ್ರ. ಗೇಟು, ಕ್ಯಾಮೆರಾ, ಸೆಕ್ಯುರಿಟಿ ಇರುವ ಕಟ್ಟಡದ ಬಾಗಿಲ ಹಿಂದೆ ಏನು ನಡೆಯುತ್ತದೆ ಎನ್ನುವುದು ಯಾವ ಬಡಾವಣೆಯ ಪಟ್ಟಿಗೂ ಬರುವುದಿಲ್ಲ.

ಹುಡುಗಿ ಕಳಿಸಿದ ಆ ‘ಕೇಸು ಕಡಿಮೆ’ ಜಾಗಕ್ಕೆ ಕಳೆದ ವಾರ ರಾತ್ರಿ ಒಂಬತ್ತೂವರೆಗೆ ಹೋಗಿದ್ದೆ. ಬಸ್‌ ನಿಲ್ದಾಣದಿಂದ ಪಿ.ಜಿ.ಗೆ ಏಳು ನಿಮಿಷದ ನಡಿಗೆ. ಒಂದು ಕಡೆ ಖಾಲಿ ಸೈಟಿನ ತಗಡಿನ ಬೇಲಿ, ಇನ್ನೊಂದು ಕಡೆ ಎತ್ತರದ ಕಾಂಪೌಂಡು. ಮೂರು ಕಂಬಗಳಲ್ಲಿ ದೀಪವಿರಲಿಲ್ಲ. ಒಂದು ಪೆಟ್ಟಿಗೆ ಅಂಗಡಿಯಿಲ್ಲ, ಇಸ್ತ್ರಿ ಗಾಡಿಯಿಲ್ಲ, ಎದುರಿಗೆ ಬಂದ ಹೆಂಗಸು ಒಬ್ಬರೂ ಇಲ್ಲ. ರಾತ್ರಿ ಆ ದಾರಿಯಲ್ಲಿ ಯಾರೂ ಓಡಾಡುವುದೇ ಇಲ್ಲವೆಂದಮೇಲೆ ಅಲ್ಲಿ ಕೇಸಾದರೂ ಯಾರಿಂದ ಆಗಬೇಕು?

ಅದಾಗಿ ಎರಡು ದಿನಕ್ಕೆ ನಮ್ಮ ಬೀದಿಯಲ್ಲೇ ಒಂದು ಘಟನೆ ನಡೆಯಿತು. ಎದುರುಮನೆಯ ಅಕ್ಕ, ನಿವೃತ್ತ ಟೀಚರ್, ಸಂಜೆ ಗೇಟಿನ ಹತ್ತಿರ ನಿಂತು ಮಗನ ಜೊತೆ ಮಾತಾಡುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಕೈಯಿಂದ ಫೋನು ಕಿತ್ತುಕೊಂಡು ಹೋದರು. ಅವರ ಜೊತೆ ನಾನೂ ಠಾಣೆಗೆ ಹೋದೆ. ಮೇಜಿನ ಹಿಂದಿದ್ದ ಹುಡುಗ ಒರಟನೇನಲ್ಲ, ಕೂರಿಸಿ ನೀರು ಕೊಟ್ಟ. ‘ಅಮ್ಮಾ, ಕಳೆದುಹೋಗಿದೆ ಅಂತ ಇ-ಲಾಸ್ಟ್‌ನಲ್ಲಿ ಹಾಕಿಬಿಡಿ, ಹೊಸ ಸಿಮ್ ತಗೊಳ್ಳೋಕೆ ಅದೇ ಸಾಕು. ಕೇಸು, ಕೋರ್ಟು ಅಂತ ಈ ವಯಸ್ಸಲ್ಲಿ ಯಾಕೆ ಅಲೀತೀರ?’ ಎಂದ.

ಅಕ್ಕ ಕನ್ನಡಕ ಸರಿಮಾಡಿಕೊಂಡರು. ‘ಕಳೆದುಹೋಗಿಲ್ಲಪ್ಪ, ಕಳುವಾಗಿದೆ. ನಾನೇನೂ ಬೀಳಿಸಿಕೊಂಡಿಲ್ಲ, ಅವರು ಕಿತ್ತುಕೊಂಡಿದ್ದಾರೆ. ಆದದ್ದನ್ನ ಆದ ಹಾಗೆ ಬರ್ಕೊ.’

ಕಳೆದುಹೋದರೆ ಅದು ಅಪರಾಧವೇ ಅಲ್ಲ. ಕಳುವಾದರೆ ಕೇಸು. ಈ ಎರಡು ಮಾತಿನ ನಡುವೆ ಊರಿನ ಎಷ್ಟು ಫೋನುಗಳು, ಎಷ್ಟು ಸಂಜೆಗಳ ಭಯ ಜಾರಿ ಹೋಗಿರಬಹುದು ಎಂದು ಅಲ್ಲಿ ಕೂತಾಗ ನನಗೆ ಅನ್ನಿಸಿತು. ಪೊಲೀಸರು ತಾವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧ ನಡೆದಿದೆ ಎಂದು ದೂರಿನಲ್ಲಿ ಕಂಡರೆ ಎಫ್‌ಐಆರ್ ಹಾಕಲೇಬೇಕು ಎಂದು 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಹೀಗೆ ಕಿತ್ತುಕೊಂಡು ಹೋಗುವುದಕ್ಕೇ 304ನೇ ಸೆಕ್ಷನ್ ಇದೆ. ಅಕ್ಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾನು ಹೇಳಬೇಕೆನ್ನುವಷ್ಟರಲ್ಲಿ ಅವರು ಚೀಲದಿಂದ ಬಿಳಿ ಹಾಳೆ ತೆಗೆದು, ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು, ಬೋರ್ಡಿನ ಮೇಲೆ ಬರೆಯುವ ಅದೇ ದುಂಡನೆಯ ಅಕ್ಷರದಲ್ಲಿ ದೂರು ಬರೆಯತೊಡಗಿದ್ದರು.

ಒಂದೂವರೆ ಗಂಟೆ ಕಾದೆವು. ಸಬ್‌ಇನ್‌ಸ್ಪೆಕ್ಟರ್ ಬಂದು ದೂರು ಓದಿ, ‘ಹಾಕಿ’ ಎಂದರು. ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಅಕ್ಕ ಪೂರ್ತಿ ಓದಿ, ಬೈಕಿನ ಬಣ್ಣ ತಪ್ಪಾಗಿದೆ ಎಂದು ತೋರಿಸಿ ಸರಿಮಾಡಿಸಿದರು. ಹೊರಗೆ ಬರುವಾಗ ಬಾಗಿಲ ಬೆಂಚಿನ ಮೇಲೆ ಫೋನು ಕಳೆದುಕೊಂಡ ಇನ್ನೊಬ್ಬ ಹುಡುಗ, ಊಟ ತಲುಪಿಸುವ ಕೆಲಸದವನು, ಕೂತಿದ್ದ. ಅಕ್ಕ ಅವನ ಪಕ್ಕ ಕೂತು, ಉಳಿದಿದ್ದ ಒಂದು ಹಾಳೆ ಹರಿದು ಅವನಿಗೆ ಕೊಟ್ಟರು.

ಹುಡುಗಿ ಈಗ ಮತ್ತೆ ಎಣಿಸಿದರೆ ನಮ್ಮ ಠಾಣೆಗೆ ಒಂದೋ ಎರಡೋ ಕೇಸು ಹೆಚ್ಚು ಕಾಣುತ್ತದೆ. ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿ, ನಮ್ಮ ಬೀದಿಯಲ್ಲೇ ರೂಮು ನೋಡುತ್ತೇನೆ ಎಂದೆ.