ಮೊದಲು ಕತ್ತರಿ, ಆಮೇಲೆ ಅಲಂಕಾರ

ಹೋದ ಬೇಸಿಗೆಯಲ್ಲಿ ದೊಡ್ಡಮ್ಮ ಹಲಸಿನ ಹಪ್ಪಳ ಮಾಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಸೊಳೆ ಬೇಯಿಸಿ, ಕುಟ್ಟಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ಚಾಪೆಯ ಮೇಲೆ ಹರಡಿ ಒಣಗಿಸುವವರೆಗೆ ಒಟ್ಟು 42 ನಿಮಿಷ. ಅದನ್ನು ಮೂರು ನಿಮಿಷಕ್ಕೆ ಇಳಿಸಬೇಕಿತ್ತು.

ಲ್ಯಾಪ್‌ಟಾಪಿಗೆ ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಸಂಕಲನದ ಸಾಫ್ಟ್‌ವೇರ್ ಹಾಕಿಕೊಂಡೆ. ಅದರ ಉಚಿತ ಆವೃತ್ತಿ ಹೊಸಬರಿಗೆ ಧಾರಾಳವಾಗಿ ಸಾಕು. ಆದರೆ ತೆರೆದರೆ ಕಟ್, ಎಡಿಟ್, ಫ್ಯೂಷನ್, ಕಲರ್, ಫೇರ್‌ಲೈಟ್ ಎಂಬ ಪುಟಗಳು. ಒಂದೊಂದೂ ಒಂದೊಂದು ವಿದ್ಯೆ. ಎಲ್ಲವನ್ನೂ ಅರಿತೇ ಕೈ ಹಾಕೋಣವೆಂದು ಎರಡು ವಾರ ಟ್ಯುಟೋರಿಯಲ್ ನೋಡಿದೆ. ನೋಟ್‌ಬುಕ್ ತುಂಬಿತು, ಟೈಮ್‌ಲೈನ್ ಖಾಲಿಯೇ ಉಳಿಯಿತು. ನೋಡುವುದೇ ಕಲಿಯುವುದು ಎಂಬ ಸಮಾಧಾನ ಬಹಳ ಅಪಾಯಕಾರಿ, ಏಕೆಂದರೆ ಅದರಲ್ಲಿ ದಿನವೂ ದುಡಿದ ತೃಪ್ತಿ ಸಿಗುತ್ತದೆ.

ಆಮೇಲೆ ಒಂದು ಕಟ್ಟುಪಾಡು ಹಾಕಿಕೊಂಡೆ. ದಿನಾ ಸಂಜೆ ಅರ್ಧ ಗಂಟೆ, ಅದೇ ಹಪ್ಪಳದ ಫುಟೇಜ್, ಬರೀ ಕಟ್. ಟ್ರಾನ್ಸಿಷನ್ ಇಲ್ಲ, ಎಫೆಕ್ಟ್ ಇಲ್ಲ, ಸಂಗೀತವೂ ಇಲ್ಲ. ಬೆರಳಿಗೆ ಐದೇ ಕೀಲಿ ಕಲಿಸಿದೆ: ಹಿಂದೆ ಓಡಿಸಲು ಜೆ, ನಿಲ್ಲಿಸಲು ಕೆ, ಮುಂದೆ ಓಡಿಸಲು ಎಲ್, ಬೇಕಾದ ಭಾಗದ ಆರಂಭಕ್ಕೆ ಐ, ಕೊನೆಗೆ ಓ. ನಾಳೆ ಪ್ರೀಮಿಯರ್ ಎಂಬ ಇನ್ನೊಂದು ಸಾಫ್ಟ್‌ವೇರಿಗೆ ಹೋದರೂ ಇವೇ ಕೀಲಿಗಳು ಕೈಹಿಡಿಯುತ್ತವೆ. ಇನ್ನೊಂದು ಮಾತು: ಕೆಲಸಕ್ಕೆ ಕೂರುವ ಮೊದಲೇ ಕ್ಲಿಪ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಅಲ್ಲಿಂದ ಕದಲಿಸಬೇಡಿ. ಪ್ರಾಜೆಕ್ಟಿನೊಳಗೆ ವಿಡಿಯೊ ಇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ. ಫೈಲು ಜಾಗ ಬದಲಿಸಿದರೆ ಪರದೆ ಕೆಂಪಾಗಿ ‘ಮೀಡಿಯಾ ಆಫ್‌ಲೈನ್’ ಎನ್ನುತ್ತದೆ.

‘ಅಪೊಕ್ಯಾಲಿಪ್ಸ್ ನೌ’, ‘ದಿ ಇಂಗ್ಲಿಷ್ ಪೇಷಂಟ್’ ಚಿತ್ರಗಳ ಸಂಕಲನದಲ್ಲಿ ದುಡಿದ ವಾಲ್ಟರ್ ಮರ್ಚ್, ಒಳ್ಳೆಯ ಕಟ್‌ಗೆ ಆರು ಅಳತೆಗಳನ್ನು ಕೊಟ್ಟಿದ್ದಾರೆ. ನೂರರಲ್ಲಿ 51 ಭಾವಕ್ಕೆ, 23 ಕಥೆಗೆ, 10 ಲಯಕ್ಕೆ; ಉಳಿದ ಮೂರಕ್ಕೆ ಸೇರಿ 16. ನಾನು ಇದನ್ನು ಓದಿದ್ದು ತಡವಾಗಿ. ಅಷ್ಟರಲ್ಲಿ ಕಥೆಯೂ ಲಯವೂ ಸರಿಯಿದೆಯೆಂದು ನಂಬಿ ಒಂದು ತಪ್ಪು ಮಾಡಿಯಾಗಿತ್ತು.

ಉಂಡೆ ಕಟ್ಟುತ್ತ ದೊಡ್ಡಮ್ಮ ಹೇಳಿದ್ದರು: “ಈಗಿನವರು ಅಂಗಡಿಯಿಂದ ತರ್ತಾರೆ. ಪಾಪ, ಅವರಿಗಾದರೂ ಎಲ್ಲಿದೆ ಹೊತ್ತು?” ಎರಡನೆಯ ವಾಕ್ಯ ತೆಗೆದರೆ ವಿಡಿಯೊ ಚುರುಕಾಗುತ್ತಿತ್ತು. ತೆಗೆದೆ. ಮೊದಲ ವಾಕ್ಯದ ಬೆನ್ನಿಗೆ ಅವರ ಗಂಭೀರ ಮುಖದ ಶಾಟ್ ಇಟ್ಟೆ. ತೋರಿಸಿದಾಗ ದೊಡ್ಡಮ್ಮ ಮೆಲ್ಲಗೆ ಕೇಳಿದರು: “ನಾನು ಹಂಗೆ ಬೈದಿದ್ನೇನೋ, ತಮ್ಮಾ?”

ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಮಾಡಿದ ಪ್ರಯೋಗ ಆಗ ಅರ್ಥವಾಯಿತು. ನಟನೊಬ್ಬನ ಒಂದೇ ಮುಖ. ಪಕ್ಕದ ಶಾಟ್‌ನಲ್ಲಿ ಸೂಪಿನ ಬಟ್ಟಲಿದ್ದರೆ ನೋಡುವವರಿಗೆ ಹಸಿವು ಕಾಣುತ್ತದೆ, ಶವಪೆಟ್ಟಿಗೆಯಿದ್ದರೆ ದುಃಖ. ಮುಖ ಬದಲಾಗಲೇ ಇಲ್ಲ, ಜೋಡಣೆ ಬದಲಾಗಿತ್ತು. ಕತ್ತರಿ ಹಿಡಿದವನ ಕೈಯಲ್ಲಿ ಇನ್ನೊಬ್ಬರ ಮನಸ್ಸೇ ಇರುತ್ತದೆ. ಸಾಫ್ಟ್‌ವೇರ್ ಕಲಿಕೆ ನಡತೆಯ ಪ್ರಶ್ನೆಯಾಗುವುದು ಇಲ್ಲಿಯೇ. ಮಾತಾಡಿದವರಿಗೆ ತೋರಿಸದೆ ಅವರ ವಿಡಿಯೊವನ್ನು ಅಪ್‌ಲೋಡ್ ಮಾಡುವುದಿಲ್ಲವೆಂದು ಅಂದೇ ತೀರ್ಮಾನಿಸಿದೆ. ನೀವೂ ಮೊದಲ ದಿನದಿಂದಲೇ ಈ ಅಭ್ಯಾಸ ಇಟ್ಟುಕೊಳ್ಳಿ.

ಬಿಟ್ಟಿದ್ದ ವಾಕ್ಯವನ್ನು ಮರಳಿ ಸೇರಿಸಿದೆ. ನಾಲ್ಕು ಸೆಕೆಂಡು ಹೆಚ್ಚಾಯಿತು, ಅಷ್ಟೇ. ಮಾರನೆಯ ಸಂಜೆ ಮತ್ತೆ ತೋರಿಸಿದೆ. ಈ ಸಲ ದೊಡ್ಡಮ್ಮ ತಮ್ಮ ಮುಖ ನೋಡಲಿಲ್ಲ, ಚಾಪೆಯನ್ನು ನೋಡುತ್ತಿದ್ದರು.

“ಹಪ್ಪಳ ತಿರುವಿ ಹಾಕಿದ್ದು ಎಲ್ಲಿ ಹೋಯ್ತು? ಅದಿಲ್ಲದಿದ್ರೆ ಇದನ್ನ ನೋಡಿ ಮಾಡೋರು ಒಂದೇ ಮಗ್ಗುಲು ಒಣಗಿಸ್ತಾರೆ.”

ಆ ಶಾಟ್ ಅಲುಗಾಡಿದೆಯೆಂದು ನಾನು ಮೊದಲ ದಿನವೇ ತೆಗೆದುಹಾಕಿದ್ದೆ. ಲ್ಯಾಪ್‌ಟಾಪನ್ನು ಅವರ ಮುಂದೆಯೇ ಮತ್ತೆ ತೆರೆದು, ಎಲ್ ಒತ್ತಿ, ಅದನ್ನು ಹುಡುಕತೊಡಗಿದೆ.