‘ಇಲ್ಲ’ ಎನ್ನುವ ಮೊದಲು

ಕಂಪ್ಲಿಯ ನಮ್ಮ ಸಂಬಂಧಿಕರ ಮನೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಹೊಟ್ಟೆನೋವೆಂದು ಅವಳಿಗೆ ಹೊಸಪೇಟೆಯಲ್ಲಿ ಸ್ಕ್ಯಾನ್ ಮಾಡಿಸಿದರು. ಹೊಟ್ಟೆನೋವು ಎರಡು ದಿನಕ್ಕೆ ಹೋಯಿತು. ಸ್ಕ್ಯಾನಿನಲ್ಲಿ ಕಂಡದ್ದು ಉಳಿಯಿತು. ಕರುಳಿನಿಂದ ಲಿವರಿಗೆ ಹೋಗಬೇಕಾದ ರಕ್ತ ಅಡ್ಡದಾರಿ ಹಿಡಿದು ನೇರವಾಗಿ ಹೃದಯದ ಕಡೆಗೆ ಹೋಗುತ್ತಿದೆ ಎಂದು ವರದಿ ಹೇಳುತ್ತಿತ್ತು. ಅದನ್ನು ನನಗೆ ಕಳಿಸಿದರು. ನಾನು ಪಿಎಚ್.ಡಿ ಮಾಡುತ್ತಿರುವುದು ಸಾಹಿತ್ಯದಲ್ಲಿ. ಆದರೆ ಮನೆಯವರ ಲೆಕ್ಕದಲ್ಲಿ ಇನ್ನೆರಡು ವರ್ಷಕ್ಕೆ ನಾನೂ ಡಾಕ್ಟರೇ.

ವರದಿಯಲ್ಲಿ ಒಂದು ಸಾಲಿತ್ತು: ಲಿವರಿನೊಳಗೆ ಪೋರ್ಟಲ್ ರಕ್ತನಾಳದ ಕವಲುಗಳು ಇಲ್ಲ. ಎರಡು ರಾತ್ರಿ ಕೂತು ಸಿಕ್ಕಿದ್ದನ್ನೆಲ್ಲ ಓದಿದೆ. ಈ ತೊಂದರೆಯನ್ನು ಎರಡು ಬಗೆಯಾಗಿ ವಿಂಗಡಿಸುವ ರೂಢಿ 1994ರಿಂದ ಇದೆ. ಒಳಗಿನ ಕವಲುಗಳೇ ಇಲ್ಲದ್ದು ಮೊದಲ ಬಗೆ. ಕವಲುಗಳಿದ್ದೂ ಹೆಚ್ಚಿನ ರಕ್ತ ಹೊರದಾರಿ ಹಿಡಿಯುವುದು ಎರಡನೆಯದು. ಎರಡನೆಯದಾದರೆ ಅಡ್ಡದಾರಿಯನ್ನು ಮುಚ್ಚಬಹುದು. ಮೊದಲನೆಯದರಲ್ಲಿ ಮುಚ್ಚಿದರೆ ರಕ್ತ ಹೋಗಲು ಜಾಗವೇ ಇಲ್ಲ. ಲಿವರ್ ಕಸಿಯೊಂದೇ ಉಪಾಯ ಎಂದು ಹಳೆಯ ಬರಹಗಳು ಹೇಳುತ್ತಿದ್ದವು. ಹುಡುಗಿಯ ಅಪ್ಪನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಲಿವರ್ ಆಗ್ತತೇನು?’ ಎಂದು ಕೇಳಿದ.

ಸಂಡೂರಿನಲ್ಲಿರುವ ಅವಳ ಅಜ್ಜಿಯ ಮಾತೇ ಬೇರೆ. ‘ದೇವರು ಹಾಕಿದ ದಾರಿ ಅದು. ಆರು ವರ್ಷ ಕೂಸು ಅದರಾಗೇ ಬದುಕೈತಲ್ಲ, ಯಾಕ ಮುಟ್ಟಬೇಕು?’ ಕುಮಾರಸ್ವಾಮಿಗೆ ಹರಕೆ ಹೊತ್ತಳು. ಒಂದೇ ಕೂಸಿನ ಬಗ್ಗೆ ಒಬ್ಬಳು ಮುಟ್ಟಬೇಡಿ ಎನ್ನುತ್ತಿದ್ದಳು, ಇನ್ನೊಬ್ಬ ತನ್ನ ಹೊಟ್ಟೆ ಕೊಯ್ಯಿಸಿಕೊಳ್ಳಲು ತಯಾರಾಗಿದ್ದ. ಹೂಂ ಅಥವಾ ಊಹೂಂ ಎನ್ನಬೇಕಾದವಳಿಗೆ ಇನ್ನೂ ಆರು ವರ್ಷ.

ಅಜ್ಜಿಯ ಮಾತನ್ನು ಮೌಢ್ಯವೆಂದು ತಳ್ಳಿಹಾಕಲು ನನಗೆ ಆಗಲಿಲ್ಲ. 1793ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಅಬರ್ನೆಥಿ ಹತ್ತು ತಿಂಗಳ ಹೆಣ್ಣುಕೂಸಿನ ಶವದಲ್ಲಿ ಈ ಅಡ್ಡದಾರಿಯನ್ನು ಕಂಡು ಬರೆದ. ಇಂದಿಗೂ ಇದಕ್ಕೆ ಅವನದೇ ಹೆಸರು. ಆ ಕೂಸಿನ ಸ್ನಾಯುಗಳು ಗಟ್ಟಿಯಾಗಿದ್ದವು, ಮೈ ತುಂಬಿಕೊಂಡಿತ್ತು ಎಂದೂ ಅವನು ದಾಖಲಿಸಿದ್ದಾನೆ. ದೇಹ ತನ್ನ ತಪ್ಪುದಾರಿಗೂ ಹೊಂದಿಕೊಂಡು ಬೆಳೆಯುತ್ತದೆ. ಲಿವರಿನೊಳಗೇ ಇರುವ ಕೆಲವು ಸಣ್ಣ ಅಡ್ಡದಾರಿಗಳು ಮಗುವಿಗೆ ಒಂದೆರಡು ವರ್ಷವಾಗುವಷ್ಟರಲ್ಲಿ ತಾವಾಗಿಯೇ ಮುಚ್ಚಿಕೊಳ್ಳುವುದೂ ಉಂಟು. ಹಾಗಿರುವಾಗ ಕಾಯುವುದು ಅವಿವೇಕವಲ್ಲ.

ಆದರೆ ಹುಟ್ಟಿನಿಂದ ಬಂದದ್ದೆಲ್ಲ ಹಿತ ಎನ್ನುವುದಕ್ಕೆ ದೇಹದಲ್ಲಿ ಆಧಾರವಿಲ್ಲ. ಲಿವರಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ನಾಳದ್ದು. ಅದು ಲಿವರನ್ನು ದಾಟದೆ ಹೋದರೆ ಅಮೋನಿಯಾದಂಥ ವಿಷ ಸೋಸದೆ ಮೆದುಳಿಗೆ ತಲುಪುತ್ತದೆ. ಮಗು ಮಂಕಾಗುತ್ತದೆ, ಓದಿನಲ್ಲಿ ಹಿಂದೆ ಬೀಳುತ್ತದೆ. ನಾವು ಅದನ್ನು ದಡ್ಡತನ ಎನ್ನುತ್ತೇವೆ. ಕೆಲವರಿಗೆ ಶ್ವಾಸಕೋಶದ ರಕ್ತನಾಳಗಳು ಕೆಡುತ್ತವೆ, ಕೆಲವರಿಗೆ ಲಿವರಿನಲ್ಲಿ ಗಂಟುಗಳೇಳುತ್ತವೆ. ಇವು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯಬಹುದು. ಆದ್ದರಿಂದ ರಕ್ತಪರೀಕ್ಷೆ, ಹೃದಯದ ಎಕೋ, ಲಿವರಿನ ಸ್ಕ್ಯಾನ್ ಬಿಡದೆ ಮಾಡಿಸುವವರು ಮಾತ್ರ ‘ಕಾಯುತ್ತಿದ್ದೇವೆ’ ಎನ್ನಬಹುದು. ನೋಡದೆ ಕಾಯುವುದಕ್ಕೆ ತಾಳ್ಮೆ ಎಂಬ ಹೆಸರು ಸಲ್ಲದು, ಅದು ಕೈಬಿಟ್ಟಂತೆ.

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿನ ವೈದ್ಯೆ ವರದಿಯ ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿದರು: ‘ಕವಲುಗಳು ಇಲ್ಲ ಅಂತಲ್ಲ, ಕಂಡಿಲ್ಲ ಅಂತ ಬರೀಬೇಕಿತ್ತು.’ ರಕ್ತವೆಲ್ಲ ಹೊರದಾರಿಯಲ್ಲಿ ಹರಿಯುವಾಗ ಒಳಗಿನ ಕವಲುಗಳು ಎಳೆಯಷ್ಟು ಸಣ್ಣಗಾಗಿ ಸ್ಕ್ಯಾನಿಗೆ ಸಿಗುವುದಿಲ್ಲ. ಅಡ್ಡದಾರಿಯನ್ನು ಪುಟ್ಟ ಬಲೂನಿನಿಂದ ಸ್ವಲ್ಪ ಹೊತ್ತು ತಡೆದು, ಬಣ್ಣದ್ರವ ಹಾಯಿಸಿ ಚಿತ್ರ ತೆಗೆದರೆ, ಇಲ್ಲವೆಂದುಕೊಂಡ ಕವಲುಗಳು ಎಷ್ಟೋ ಮಕ್ಕಳಲ್ಲಿ ಕಾಣುತ್ತವೆ. ಅದೇ ಹೊತ್ತಿನಲ್ಲಿ ಒತ್ತಡವನ್ನೂ ಅಳೆಯುತ್ತಾರೆ. ಆಮೇಲೆ ಮುಂದಿನ ಮಾತು.

ನನಗೆ ನಾಚಿಕೆಯಾಯಿತು. ಅದು ವೈದ್ಯಶಾಸ್ತ್ರ ಗೊತ್ತಿಲ್ಲದ್ದಕ್ಕೆ ಆದ ನಾಚಿಕೆಯಲ್ಲ. ನನಗೆ ಗೊತ್ತಿದ್ದದ್ದನ್ನೇ ನಾನು ಮರೆತಿದ್ದೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು ಒಂದು ಪ್ರತ್ಯೇಕ ಪ್ರಮಾಣವೆಂದು ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುತ್ತೇವೆ. ಆದರೆ ಅದಕ್ಕೊಂದು ಕಟ್ಟಳೆಯಿದೆ: ಇದ್ದಿದ್ದರೆ ಕಾಣುವಂಥ ಸ್ಥಿತಿ ಇರಬೇಕು. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗದು. ಇದನ್ನು ಸೆಮಿನಾರಿನಲ್ಲಿ ವಿವರಿಸಿದವನು ನಾನು. ಒಬ್ಬ ತಂದೆಗೆ ಫೋನಿನಲ್ಲಿ ‘ಇಲ್ಲ’ ಎನ್ನುವಾಗ ದೀಪ ಹಚ್ಚಿದೆಯೋ ಇಲ್ಲವೋ ಎಂದು ಕೇಳಿಕೊಳ್ಳಲಿಲ್ಲ.

ಕಂಪ್ಲಿ ಕಡೆಯ ರೈತರಿಗೆ ಇದು ಪುಸ್ತಕವಿಲ್ಲದೆ ಗೊತ್ತು. ಮೇಲಿನವರು ಭತ್ತಕ್ಕೆ ನೀರು ಎಳೆದುಕೊಂಡರೆ ಕೊನೆಯ ಹೊಲದ ಕಾಲುವೆ ಹೂಳು ತುಂಬಿ, ಜಾಲಿ ಬೆಳೆದು ಮುಚ್ಚಿಹೋಗುತ್ತದೆ. ಹೊಸಬರು ಬಂದು ನೋಡಿದರೆ ಇಲ್ಲಿ ಕಾಲುವೆಯೇ ಇರಲಿಲ್ಲ ಎಂದಾರು. ನೀರು ಬಿಟ್ಟಾಗಲೇ ಅದು ಗೊತ್ತಾಗುವುದು. ಹಾಗೆಂದು ಒಂದೇ ಸಲಕ್ಕೆ ತುಂಬ ನೀರು ಬಿಟ್ಟರೆ ಏರಿ ಒಡೆಯುತ್ತದೆ.

ಹುಡುಗಿಯ ಲಿವರಿನಲ್ಲೂ ಹೀಗೇ ಆಯಿತು. ಬಲೂನಿನಿಂದ ತಡೆದಾಗ ಎಳೆಯಂಥ ಕವಲುಗಳು ಚಿತ್ರದಲ್ಲಿ ಮೂಡಿದವು; ಆದರೆ ಒತ್ತಡ ಹೆಚ್ಚಿತ್ತು. ಹಾಗಾಗಿ ಎರಡು ಹಂತ. ಮೊದಲು ಅಡ್ಡದಾರಿಯನ್ನು ಕಿರಿದು ಮಾಡಿದ್ದಾರೆ. ಕವಲುಗಳು ಅಗಲವಾದ ಮೇಲೆ ಪೂರ್ತಿ ಮುಚ್ಚುವುದು. ಅಪ್ಪನ ಲಿವರ್ ಅಪ್ಪನಲ್ಲೇ ಇದೆ. ಎಲ್ಲ ಮಕ್ಕಳಿಗೂ ಹೀಗೆ ಆಗುವುದಿಲ್ಲ, ಕೆಲವರಿಗೆ ಕಸಿಯೇ ಬೇಕಾಗುತ್ತದೆ. ಆದರೆ ಆ ಮಾತನ್ನು ನೋಡಿದ ಮೇಲೆ ಹೇಳಬೇಕು.

ಒಪ್ಪಿಗೆ ಕೊಡಲಾಗದ ಮಗುವಿನ ಪರವಾಗಿ ನಿರ್ಧರಿಸುವಾಗ ‘ಇದು ಸಹಜವೆ, ದೋಷವೆ’ ಎಂಬ ಪ್ರಶ್ನೆ ಹೆಚ್ಚು ದೂರ ಒಯ್ಯುವುದಿಲ್ಲ ಎಂದು ಈಗ ನನಗನಿಸುತ್ತದೆ. ಕೇಳಬೇಕಾದದ್ದು ಇದು: ಹಿಂದಕ್ಕೆ ಬರಲಾಗದ ಹೆಜ್ಜೆ ಇಡುವ ಮೊದಲು, ಇರುವುದು ಕಾಣಿಸಿಕೊಳ್ಳಲು ಅವಕಾಶ ಕೊಟ್ಟೆವೆ? ಮುಟ್ಟಬೇಡಿ ಎಂದ ಅಜ್ಜಿಯೂ, ಇವತ್ತೇ ಕೊಯ್ಯಿರಿ ಎಂದ ಅಪ್ಪನೂ ಪ್ರೀತಿಯಿಂದಲೇ ಹೇಳಿದರು. ಇಬ್ಬರ ನಡುವೆ ಬೇಕಾಗಿದ್ದದ್ದು ಆ ಬಲೂನಿನ ಕೆಲವು ನಿಮಿಷ. ತಿಳಿದವನೆಂದು ಮನೆಯವರು ನಂಬಿದ್ದ ನಾನು ಅದನ್ನು ಇಲ್ಲವಾಗಿಸುವುದರಲ್ಲಿದ್ದೆ. ಒಬ್ಬ ವಿದ್ಯಾರ್ಥಿಯಲ್ಲಿ ಪ್ರತಿಭೆ ಇಲ್ಲ, ಒಂದು ಊರಲ್ಲಿ ಸಾಹಿತ್ಯವಿಲ್ಲ ಎಂದು ಬರೆಯುವಾಗಲೂ ನಮ್ಮಂಥವರು ಮಾಡುವುದು ಇದನ್ನೇ.

ಎರಡನೆಯ ಹಂತ ದೀಪಾವಳಿ ಕಳೆದ ಮೇಲೆ. ಹುಡುಗಿಗೆ ಈ ಸಲ ಎಲ್ಲವನ್ನೂ ಮೊದಲೇ ಹೇಳಬೇಕೆಂದಿದ್ದೇವೆ. ಅಜ್ಜಿ ಹರಕೆಯನ್ನು ಇನ್ನೂ ತೀರಿಸಿಲ್ಲ; ‘ಪೂರ್ತಿ ಆಗಲಿ, ನೋಡಿ ತೀರಿಸ್ತೀನಿ’ ಎನ್ನುತ್ತಾಳೆ.