ಬೂದಿದಿಬ್ಬದ ವಾರಸುದಾರರು

ಈ ಸೀಮೆಯಲ್ಲಿ ಮೊದಲು ನೆಲೆಸಿದವರು ಯಾರು ಎಂಬ ಪ್ರಶ್ನೆ ಗಡಿನಾಡಿನ ಸಭೆಗಳಲ್ಲಿ ಮತ್ತೆ ಮತ್ತೆ ಏಳುತ್ತದೆ. ಸೋಮಂದೇಪಲ್ಲಿಯಂಥ ಊರಿನಲ್ಲಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡುತ್ತ ಬೆಳೆದ ನಮಗೆ ಅದು ಬರಿಯ ಕುತೂಹಲದ ಪ್ರಶ್ನೆಯಲ್ಲ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಡಿಸಿ ಅನಂತಪುರ ಜಿಲ್ಲೆಯನ್ನು ಮಾಡಿದರು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, ನಾವು ಆಂಧ್ರದಲ್ಲಿ ಉಳಿದೆವು. 2022ರಲ್ಲಿ ಜಿಲ್ಲೆಯ ಹೆಸರೇ ಬದಲಾಯಿತು. ಗೆರೆಗಳು ಹೀಗೆ ಸರಿಯುತ್ತಿರುವಾಗ ಗೆರೆಗಳಿಗಿಂತ ಹಳೆಯದೊಂದು ಆಧಾರವನ್ನು ಮನಸ್ಸು ಹುಡುಕುವುದು ಸಹಜ. ನಾವೂ ಒಮ್ಮೆ ಇಂಥದೇ ವೇದಿಕೆಯಲ್ಲಿ ನಿಂತು, ಈ ನೆಲದ ಮೂಲನಿವಾಸಿಗಳು ಕನ್ನಡಿಗರೇ ಎಂದು ಘೋಷಿಸಿ ಚಪ್ಪಾಳೆ ಪಡೆದವರು. ಆ ಮಾತನ್ನು ಇಂದು ಹಿಂತೆಗೆದುಕೊಳ್ಳಬೇಕಾಗಿದೆ.

ಅದಕ್ಕೆ ಕಾರಣ ಕೆಲವು ಪುಸ್ತಕಗಳು. ತೇಜಸ್ವಿಯವರ ‘ಮಿಸ್ಸಿಂಗ್ ಲಿಂಕ್’ ಕನ್ನಡದ ಎಷ್ಟೋ ಓದುಗರಿಗೆ ಮಾನವಮೂಲದ ಬಾಗಿಲನ್ನು ತೆರೆದಂತೆ ನಮಗೂ ತೆರೆಯಿತು. ಅಲ್ಲಿಂದ ಹಿಂದಕ್ಕೆ ಹೋದರೆ, 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಸಿಗುತ್ತಾರೆ. ವೃತ್ತಿಯಿಂದ ಭೂವಿಜ್ಞಾನಿಯಾದ ಅವರು ಬಳ್ಳಾರಿ ಸೀಮೆಯ ಬೆಟ್ಟಗುಡ್ಡಗಳಲ್ಲೂ ಅಲೆದರು. ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಆಲ್ಚಿನ್ ಅವರು ದಖ್ಖನ್ನಿನ ಬೂದಿದಿಬ್ಬಗಳನ್ನು ಕುರಿತು 1963ರಲ್ಲಿ ಪ್ರಕಟಿಸಿದ ಗ್ರಂಥ, ಮತ್ತು ನಮ್ಮ ಕಲ್ಯಾಣದುರ್ಗದ ಕಡೆಯ ಪಾಲವಾಯಿಯ ಉತ್ಖನನವನ್ನು ಕುರಿತು ವಿ. ರಾಮಿರೆಡ್ಡಿಯವರು ಬರೆದ ಗ್ರಂಥ.

ಬೂದಿದಿಬ್ಬವೆಂದರೆ ಏನು? ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನ ನಂಬಿದ್ದಾರೆ. ಅದು ಸುಟ್ಟ ಸಗಣಿಯ ರಾಶಿ ಎಂಬುದು ಫೂಟ್ ಅವರ ಅಭಿಪ್ರಾಯವಾಗಿತ್ತು. 1960ರಲ್ಲಿ ಜೊಯ್ನರ್ ಎಂಬ ವಿಜ್ಞಾನಿಯ ಪರೀಕ್ಷೆ ಅದನ್ನು ದೃಢಪಡಿಸಿತು. ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನಗಾಹಿ ಜನರು ತಮ್ಮ ದೊಡ್ಡಿಗಳಲ್ಲಿ ಕೂಡಿದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟರು. ಶಾಖಕ್ಕೆ ಬೂದಿಯು ಕೆಲವೆಡೆ ಕರಗಿ ಕಿಟ್ಟದಂತೆ ಗಟ್ಟಿಯಾಯಿತು. ಆಲ್ಚಿನ್ ಅಗೆದ ಉಟ್ನೂರಿನಲ್ಲಿ ದೊಡ್ಡಿಯ ಗೂಟಗಳ ಕುಳಿಗಳ ಜೊತೆಗೆ ದನಗಳ ಗೊರಸಿನ ಗುರುತುಗಳೂ ಉಳಿದಿದ್ದವು. ಅವು ಯಾರ ದನಗಳು? ಆ ಒಡೆಯನು ತನ್ನ ಹಸುವನ್ನು ಏನೆಂದು ಕೂಗುತ್ತಿದ್ದನು?

ಇಲ್ಲಿಗೆ ನಮ್ಮ ಘೋಷಣೆ ಮುರಿದುಬೀಳುತ್ತದೆ. ಆ ಜನ ಒಂದಕ್ಷರವನ್ನೂ ಬಿಟ್ಟುಹೋಗಲಿಲ್ಲ. ಗಡಿಯಾಚೆ ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವೇನೋ ಇದೆ. ಅದರ ಭಾಷೆ ಪ್ರಾಕೃತ, ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಗುರುತು. ಕನ್ನಡಕ್ಕೆ ಹಲ್ಮಿಡಿ ಶಾಸನ, ತೆಲುಗಿಗೆ ರೇನಾಟಿ ಚೋಳರ ಶಾಸನಗಳು ಸಾಕ್ಷಿಯಾಗಿ ನಿಲ್ಲುವುದು ಅದಕ್ಕೂ ಎಷ್ಟೋ ಶತಮಾನಗಳ ಮೇಲೆ. ದೊಡ್ಡಿಯ ಜನರ ನುಡಿ ಇವೆರಡಕ್ಕೂ ಹಿಂದಿನ ಯಾವುದೋ ದ್ರಾವಿಡ ನುಡಿಯಾಗಿದ್ದಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಊಹೆ ನಿಜವಾದರೂ ಅದು ನಮ್ಮ ಪರವಾದ ತೀರ್ಪಾಗದು. ನೆರೆಮನೆಯವರಿಗೂ ಅಷ್ಟೇ ಸಲ್ಲುತ್ತದೆ. ಇನ್ನು, ಮೊದಲು ಬಂದವನಿಗೇ ಹಕ್ಕು ಎನ್ನುವುದಾದರೆ ದನಗಾಹಿಗಳಿಗಿಂತ ಮೊದಲು ಕಲ್ಗೊಡಲಿ ಹಿಡಿದವರಿದ್ದರು. ಆ ಸರಪಳಿಯನ್ನು ಹಿಡಿದು ಹೊರಟರೆ ನಾವೆಲ್ಲರೂ ಆಫ್ರಿಕಾದಿಂದ ಹೊರಟ ವಲಸಿಗರ ಮಕ್ಕಳೇ.

ಆದರೆ ಇಷ್ಟಕ್ಕೆ ಸಮಾಧಾನಪಟ್ಟುಕೊಳ್ಳಲು ನಮ್ಮಿಂದಾಗಲಿಲ್ಲ. ಏಕೆಂದರೆ, ‘ನಮ್ಮದು’ ಎಂಬ ಮಾತನ್ನು ಕಿತ್ತುಕೊಂಡರೆ ಉಳಿಯುವುದು ‘ಯಾರದೂ ಅಲ್ಲ’ ಎಂಬ ಮಾತು, ಮತ್ತು ಯಾರದೂ ಅಲ್ಲದ್ದನ್ನು ನಮ್ಮಲ್ಲಿ ಯಾರು ಬೇಕಾದರೂ ಒಡೆಯುತ್ತಾರೆ. ಕಲ್ಯಾಣದುರ್ಗದ ಬಳಿಯ ಮುದಿಗಲ್ಲಿನಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ಇಂಥವನ್ನು ಜನ ರಾಕ್ಷಸರ ಗುಡಿಗಳೆಂದರು, ಪಾಂಡವರ ಮನೆಗಳೆಂದರು. ಇತಿಹಾಸದ ದೃಷ್ಟಿಯಿಂದ ಅದು ಸುಳ್ಳು. ಆದರೆ ಆ ಸುಳ್ಳಿನ ಭಯಭಕ್ತಿಯೇ ಎಷ್ಟೋ ಕಲ್ಲುಗಳನ್ನು ಕಾಪಾಡಿರಬೇಕು. ನಿಜವನ್ನು ಹೇಳಿ ಭಯವನ್ನು ಓಡಿಸಿದ ನಾವು ಅದರ ಜಾಗದಲ್ಲಿ ಏನನ್ನು ಇಟ್ಟೆವು? ಬೂದಿದಿಬ್ಬದ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತದೆ, ಗೋರಿಯ ಚಪ್ಪಡಿ ಅಂಗಳಕ್ಕೆ ಬರುತ್ತದೆ. ಬಡ ರೈತನನ್ನು ದೂರಲು ನಮಗೆ ಬಾಯಿಲ್ಲ. ನಮ್ಮ ಹಿರಿಯರ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಎಲ್ಲಿಂದ ತಂದದ್ದೆಂದು ಕೇಳಿದರೆ ‘ಗುಡ್ಡದ ರಾಕ್ಷಸರ ಮನೆಯಿಂದ’ ಎಂದು ಅಜ್ಜಿ ನಗುತ್ತಿದ್ದಳು.

ವಿಜಯನಗರ ಕಾಲದ ದಾನಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಎಣಿಸಿ ಭೂಮಿಯೊಡನೆ ಅವನ್ನೂ ಧಾರೆಯೆರೆಯುವುದುಂಟು. ಭೂಮಿ ಪಡೆದವನಿಗೆ ಅದರೊಳಗಿನ ಕಲ್ಲೂ ಸಂದಿತು. ಆದರೆ ನಮ್ಮ ಧರ್ಮಶಾಸ್ತ್ರಗಳೇ ನ್ಯಾಸವೆಂಬ ಇನ್ನೊಂದು ಬಗೆಯನ್ನೂ ಬಲ್ಲವು. ಒಬ್ಬನು ನಂಬಿ ಇಟ್ಟುಹೋದುದನ್ನು ಇಟ್ಟುಕೊಂಡವನು ತಾನು ಬಳಸುವಂತಿಲ್ಲ, ಕಾಯಬೇಕು. ಒಡೆತನವಿಲ್ಲದೆಯೂ ಹೊಣೆಯಿರಬಹುದೆಂಬ ಈ ವಿಚಾರ ನಮಗೆ ಹಿಡಿಸಿತು. ತೊಡಕೆಂದರೆ, ಇಟ್ಟವನು ಮರಳಿ ಬರುವನೆಂಬುದು ನ್ಯಾಸದ ಆಧಾರ. ಇಲ್ಲಿ ಬರುವವರಿಲ್ಲ. ಕಾರಂತರ ಮೂಕಜ್ಜಿಯಾದರೋ ಹಳೆಯ ವಸ್ತುವನ್ನು ಮುಟ್ಟಿ ಅದರ ಜನರನ್ನು ಕಾಣಬಲ್ಲಳು. ನಮಗೆ ಆ ಶಕ್ತಿಯಿಲ್ಲ; ನಮಗಿರುವುದು ಅಗೆದವರ ಟಿಪ್ಪಣಿಗಳು ಮಾತ್ರ.

ಆ ಟಿಪ್ಪಣಿಗಳಲ್ಲಿ ಕರಿದ ಕಾಳುಗಳ ಮಾತು ಬರುತ್ತದೆ. ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ದೊರೆತವುಗಳಲ್ಲಿ ಹುರುಳಿ, ಹೆಸರು, ಕೊರಲೆ ಇವೆ. ಕೊರಲೆಯನ್ನು ಮಡಕಶಿರಾ, ಪಾವಗಡದ ಕಡೆ ಇಂದಿಗೂ ಬಿತ್ತುತ್ತಾರೆ. ಹುರುಳಿಯನ್ನು ನೆರೆಯವರು ಉಲವಲು ಎನ್ನುತ್ತಾರೆ, ಸಾರು ಒಂದೇ. ಆ ದನಗಾಹಿಗಳಿಂದ ನಮಗೆ ಬಂದ ಆಸ್ತಿಯೆಂದರೆ ಇದು, ಮತ್ತು ಇದನ್ನು ಉಣ್ಣಲು ಯಾವ ಸಭೆಯಲ್ಲೂ ವಾರಸುಪತ್ರ ತೋರಿಸಬೇಕಾಗಿ ಬಂದಿಲ್ಲ.

ಒಗೆಯುವ ಕಲ್ಲು ಈಗಲೂ ಹಿತ್ತಿಲಿನಲ್ಲೇ ಇದೆ. ಮರಳಿ ಒಯ್ಯೋಣವೆಂದರೆ ಅಜ್ಜಿ ಇಲ್ಲ, ಯಾವ ಗುಡ್ಡವೆಂದು ಹೇಳುವವರೂ ಇಲ್ಲ. ಸದ್ಯಕ್ಕೆ ಅದರ ಮೇಲೆ ಬಟ್ಟೆ ಒಗೆಯುವುದನ್ನು ನಿಲ್ಲಿಸಿದ್ದೇವೆ.